ವೈಫೈ ಒಳಗೆ, ಅಶೋಕ ಹೊರಗೆ

ನಿಂಗಯ್ಯ: ಒಳೀಕೆ ಬಾರ್ಲಾ ಅಂತಾವ್ನಿ!

ಅಶೋಕ: ಬರಲ್ಲ ಗೌಡ್ರೆ.

ನಿಂಗಯ್ಯ: ಕರೀತಿರೋನು ನಾನು. ಮನೆ ನಂದು. ನಿಂಗೇನ್ಲಾ ಬಂದಿರೋದು?

ಅಶೋಕ: ಇಷ್ಟು ವರ್ಸ ನೀವು ಕರೀನಿಲ್ಲ, ನಾನೂ ಬರ್ನಿಲ್ಲ. ಇವತ್ತೊಂದಿನ ಅಂಗೇ ಇದ್ಬುಡನ. ಐದು ಗಂಟೆ ಮ್ಯಾಲೆ ಕರೀರಿ, ಬತ್ತೀನಿ.

ಎರಡು ಸಾವಿರದ ಇಪ್ಪತ್ತನೇ ಇಸವಿ, ಜೂನ್ ತಿಂಗಳು, ಮಧ್ಯಾಹ್ನ ಮೂರೂವರೆ. ಮಳವಳ್ಳಿಯಿಂದ ಶಿವನಸಮುದ್ರಕ್ಕೆ ಹೋಗುವ ದಾರಿಯಲ್ಲಿ ನಮ್ಮೂರು. ಹೊಸ್ತಿಲಿನ ಒಳಗೆ ನಿಂಗಯ್ಯ ನಿಂತಿದ್ದ, ಜಗಲಿಯ ಕೆಳಗೆ ಅಶೋಕ. ಅಶೋಕನ ಕಂಕುಳಲ್ಲಿ ತಮಟೆ.

ಈ ಅಶೋಕ ಮೈಸೂರಿನಲ್ಲಿ ಎಂ.ಎ. ಓದಿದವನು. ತಾನೇ ಪದ ಕಟ್ಟುತ್ತಾನೆ, ತಾನೇ ಬಡಿದು ಹಾಡುತ್ತಾನೆ, ತನ್ನ ಫೋನಿನಲ್ಲೇ ರೆಕಾರ್ಡು ಮಾಡಿ ಲೋಕಕ್ಕೆ ಬಿಡುತ್ತಾನೆ. ಯಾವ ಕಂಪನಿಯ ಹಂಗೂ ಇಲ್ಲ. ಕೊರೋನಾ ಬಂದ ಮೇಲೆ ಹಾಡಲು ಭಾರತೀನಗರದ ಕಾಲೇಜೂ ಕರೆಯಲಿಲ್ಲ, ಬೆಂಗಳೂರೂ ಕರೆಯಲಿಲ್ಲ. ಕರೆದವಳು ಲಂಡನ್ನಿನ ನವೋಮಿ. ಅವಳೂ ಹಾಡುವವಳೇ, ಕಪ್ಪು ಜನಾಂಗದವಳು. ಬಣ್ಣ ನೋಡಿ, ಜಾತಿ ನೋಡಿ ಯಾರನ್ನು ದೂರ ಇಟ್ಟರೋ ಅವರನ್ನು ಫೋನಿನಲ್ಲೇ ಹಾಡಿಸಿ, ಮಾತಾಡಿಸಿ, ಎಲ್ಲ ದೇಶದವರಿಗೂ ನೇರವಾಗಿ ತೋರಿಸುತ್ತಿದ್ದಳು. ಇವನ ಸರದಿ ಇವತ್ತು ನಾಲ್ಕು ಗಂಟೆಗೆ. ಚೆನ್ನಾಗಾದರೆ ಮತ್ತೆ ಕರೆಯುತ್ತಾಳೆ. ಕೆಟ್ಟರೆ ಅಲ್ಲಿಗೇ ಮುಗಿಯಿತು.

ಊರಲ್ಲಿ ನೆಟ್‌ವರ್ಕ್ ಎಳೆಯುತ್ತಿರಲಿಲ್ಲ. ಇದ್ದದ್ದು ನಿಂಗಯ್ಯನ ನಡುಮನೆಯ ವೈಫೈ ಡಬ್ಬ ಒಂದೇ. ಮೊಮ್ಮಗಳು ಗಗನಳ ಪಾಠಕ್ಕೆಂದು ಹಾಕಿಸಿದ್ದು. ಮಣ್ಣಿನ ಗೋಡೆ ಎರಡಡಿ ದಪ್ಪ. ಫೋನು ಹೊಸ್ತಿಲು ದಾಟಿ ಈಚೆ ಬಂದರೆ ಸಿಗ್ನಲ್ ಸಾಯುತ್ತಿತ್ತು.

ನಿಂಗಯ್ಯ: ಬೆಳಿಗ್ಗೆಯಿಂದ ಮನೆ ಒರಸ್ಸಿವ್ನಿ. ಕುರ್ಚಿ ಮ್ಯಾಲೆ ಜಮಖಾನ ಆಸಿವ್ನಿ. ಫಾರಿನ್ನಿನೋರು ನೋಡ್ಲಿ, ನಿಂಗಯ್ಯ ಎಂಥ ಮನ್ಸ ಅಂತ. ನೀನು ನೋಡುದ್ರೆ ಬೀಗರಂಗೆ ಬಿಂಕ ಮಾಡ್ತೀಯ!

ಅಶೋಕ: ಬಿಂಕ ಅಲ್ಲ ಗೌಡ್ರೆ. ಪದದಲ್ಲಿ ಒಂದು ಸಾಲು ಅದೆ, ಅದ್ಕೆ.

ನಿಂಗಯ್ಯ: ಎಂಥ ಸಾಲು?

ಅಶೋಕ ಮೆಲ್ಲಗೆ ಹೇಳಿದ: “ನಿಮ್ಮ ಮದುವೆಗೆ ಬಡಿದೆ ತಮಟೆಯ, ನಿಮ್ಮ ಮನೆಯ ನೆಲವ ಕಾಣೆ.”

ನಿಂಗಯ್ಯ: ಕಾಣೆ ಅಂದ್ರೆ? ಟೈಲ್ಸ್ ಆಕ್ಸಿವ್ನಿ ಕಣ್ಲಾ, ಮಂಡ್ಯದಿಂದ ತರ್ಸಿ! ಬಾ, ಬಂದು ಕಾಣು!

ಅಶೋಕ: ಅದೇ ಈಗ ತೊಂದ್ರೆ. ನಿಮ್ ಟೈಲ್ಸ್ ಮ್ಯಾಲೆ, ನಿಮ್ ಜಮಖಾನದ ಮ್ಯಾಲೆ ಕೂತ್ಕಂಡು ನೆಲ ಕಾಣೆ ಅಂತ ಆಡುದ್ರೆ ಆಯಮ್ಮ ಏನಂದಾಳು? ಬಾರಿ ಸುಳ್ಳ ಇವ್ನು ಅಂತಾಳೆ.

ನಿಂಗಯ್ಯ: ಸಾಲು ಬದ್ಲಾಯ್ಸು. ‘ನೆಲವ ಕಂಡೆ’ ಅನ್ನು. ಒಂದಕ್ಸರದ ಕೆಲ್ಸ.

ಅಶೋಕ: ನಮ್ಮಪ್ಪ ನಲವತ್ತು ವರ್ಸ ಬಡ್ದು ಸತ್ತ. ಅವ್ನು ಕಾಣ್ನಿಲ್ವಲ್ಲ ಗೌಡ್ರೆ.

ನಿಂಗಯ್ಯ ಮೀಸೆ ತಿರುವಿದ. ಆ ಹೊತ್ತಿಗೆ ಹೆಂಡತಿ ಚಲುವಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು.

ಚಲುವಮ್ಮ: ಏನಿದು, ಬೀದಿಗೆಲ್ಲ ಕೇಳಂಗೆ?

ನಿಂಗಯ್ಯ: ನೋಡಮ್ಮಿ, ಒಳೀಕೆ ಬಾ ಅಂದ್ರೆ ಬರಲ್ವಂತೆ. ನಮ್ ಮನೆ ಆಗಲ್ವಂತೆ ಅವ್ನಿಗೆ!

ಚಲುವಮ್ಮ: ಅವ್ನಿಗೆ ಆಗಲ್ವಂತಾ? ಬುಡಿ ಅಂಗಾರೆ. ಇದೂ ಒಂದು ನೋಡ್ದಂಗಾಯ್ತು.

ನಿಂಗಯ್ಯ: ನಗ್ಬ್ಯಾಡ. ಅವ್ನ ಈಚೆ ಕೂರ್ಸುದ್ರೆ ಲೋಕದ ಮುಂದೆ ನನ್ ಮಾನ ಓಯ್ತದೆ. ಲೇ ಅಸೋಕ, ಯಾಕೆ ಒರಗೆ ಕೂತಿದ್ದೀಯ ಅಂತ ಕೇಳುದ್ರೆ ಕೊರೋನಾ ಅನ್ನು. ಆರಡಿ ದೂರ ಇರಿ ಅಂತ ಸರ್ಕಾರ್‍ವೇ ಏಳದೆ ಅನ್ನು.

ಅಶೋಕ: ಆರಡಿ ಅಂದ್ರೆ ನಿಮ್ಗೆ ದೂರ ಗೌಡ್ರೆ. ನಮ್ಗೆ ಅತ್ರ ಬಂದಂಗಾಯ್ತು. ಮದ್ವೇಲಿ ನಮ್ಮನ್ನ ನಿಲ್ಲುಸ್ತಿದ್ದುದು ಅಗೋ, ಆ ಕಲ್ಲಿನ ತಾವ. ಹದಿನೆಂಟಡಿ ಆಗ್ಬೋದು.

ಚಲುವಮ್ಮ: ಇಪ್ಪತ್ತು. ದಿನಾ ಗುಡ್ಸೋಳು ನಾನು, ನಂಗೊತ್ತಿಲ್ವಾ?

ನಿಂಗಯ್ಯ: ನೀನು ಯಾರ ಕಡೀಕಮ್ಮಿ?

ಚಲುವಮ್ಮ: ಅಳತೆ ಕಡೀಕೆ.

ನಾಲ್ಕಕ್ಕೆ ಹನ್ನೆರಡು ನಿಮಿಷ ಇತ್ತು. ಅಶೋಕ ಜಗಲಿ ಹತ್ತಿ, ಮೈಯೆಲ್ಲ ಹೊರಗಿಟ್ಟು, ಬಲಗೈ ಒಂದನ್ನೇ ಹೊಸ್ತಿಲಿನೊಳಕ್ಕೆ ಚಾಚಿ ಫೋನು ಹಿಡಿದು ನೋಡಿದ. ಸಿಗ್ನಲ್ ಬಂತು. ಆದರೆ ತಮಟೆಗೆ ಕೈ ಒಂದೇ ಉಳಿಯಿತು.

ನಿಂಗಯ್ಯ: ಕೈ ಒಳೀಕೆ ಬಂದಾಯ್ತಲ್ಲ. ಮಿಕ್ಕಿದ್ದು ಬರಕ್ಕೇನು ದಾಡಿ?

ಅಶೋಕ: ಕೈ ನೆಲ ಮುಟ್ನಿಲ್ಲ ಗೌಡ್ರೆ.

ಚಲುವಮ್ಮ: ಲೋ ಅಸೋಕಪ್ಪ, ವೈಫೈ ಬೇಕಾಗಿರೋದು ಫೋನಿಗಾ, ನಿಂಗಾ?

ಅಶೋಕ: ಫೋನಿಗೆ ಕಣವ್ವ.

ಚಲುವಮ್ಮ: ಅಂಗಾರೆ ಫೋನು ಒಳಗಿರ್ಲಿ, ನೀನು ಈಚೆ ಇರು. ಇವ್ರು ಒಳಗೆ ಕೂತ್ಕಂಡು ನಿನ್ನ ಕಡೀಕೆ ಇಡ್ಕತಾರೆ.

ನಿಂಗಯ್ಯ: ನಾನಾ? ಅರ್ಧ ಗಂಟೆ? ಕೈ ನೋಯಲ್ವಾ?

ಅಶೋಕ: ನಿಮ್ ಮಗನ ಮದ್ವೇಲಿ ಎರಡು ದಿನ ಬಡ್ದಿದ್ದೊ ಗೌಡ್ರೆ. ಕೈಗೆ ಅಭ್ಯಾಸ ಆಯ್ತದೆ.

ನಿಂಗಯ್ಯ: ಓಗ್ಲಿ, ನನ್ ಮೋರೆ ಕಾಣ್ತದಾ?

ಅಶೋಕ: ಇಡ್ಕಂಡೋರು ಕಾಣಲ್ಲ.

ನಿಂಗಯ್ಯ: ಮತ್ಯಾಕ್ಲಾ ನಾನು ಇಸ್ತ್ರಿ ಅಂಗಿ ಆಕ್ಕಂಡಿದ್ದು!

ಬೈಯುತ್ತಲೇ ನಿಂಗಯ್ಯ ತನ್ನ ಟೈಲ್ಸಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ. ಎರಡೂ ಕೈಯಲ್ಲಿ ಫೋನು ಎತ್ತಿ ಹಿಡಿದ. ಅಶೋಕ ಅಂಗಳದಲ್ಲಿ ಒಂದು ಹಿಡಿ ಒಣಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸಿ, ಬಾಗಿಲಿಗೆ ಎದುರಾಗಿ ನಿಂತ. ನಾಲ್ಕಕ್ಕೆ ಸರಿಯಾಗಿ ನವೋಮಿ ಬಂದಳು. ಅಶೋಕ ಬಡಿದ, ಹಾಡಿದ. ಊರಿನ ನಾಯಿಗಳೂ ಬಾಯಿ ಮುಚ್ಚಿದವು. ನೆಲವ ಕಾಣೆ ಎಂಬ ಸಾಲು ಮೂರನೇ ಸಲ ಬರುವಾಗ ನಿಂಗಯ್ಯನ ಮಂಡಿ ತಾನೇ ತಾಳ ಹಾಕತೊಡಗಿತ್ತು. ಮಂಡಿಯ ಜೊತೆ ಕೈ, ಕೈಯ ಜೊತೆ ಫೋನು, ಫೋನಿನ ಜೊತೆ ಜಗಲಿ, ಕಂಬ, ಅಶೋಕ ಎಲ್ಲವೂ ಲಂಡನ್ನಿನಲ್ಲಿ ಕುಣಿದವು.

ಪದ ಮುಗಿಯಿತು. ನವೋಮಿ ನಗುತ್ತ ಇಂಗ್ಲಿಷಿನಲ್ಲಿ ಏನೋ ಕೇಳಿದಳು.

ನಿಂಗಯ್ಯ: ಏನಂತ್ಲಾ ಆಯಮ್ಮ?

ಅಶೋಕ: ಭೂಕಂಪ ಆಯ್ತಾ ಅಂತಾಳೆ. ಫೋನ್ ಇಡ್ಕಂಡಿರೋರು ಯಾರು, ಮೋರೆ ತೋರ್ಸ್ಲಿ ಅಂತಾಳೆ.

ನಿಂಗಯ್ಯ ಕೇಳಿದ್ದೇ ತಡ ಫೋನು ತಿರುಗಿಸಿದ. ತೀರಾ ಹತ್ತಿರ ಹಿಡಿದದ್ದರಿಂದ ಎಲ್ಲ ದೇಶದವರಿಗೂ ಒಂದು ಮೀಸೆ, ಎರಡು ಮೂಗಿನ ಹೊಳ್ಳೆ ಕಂಡವು.

ನಿಂಗಯ್ಯ: ನಮಸ್ಕಾರ ಕಣಮ್ಮ! ಊಟ ಆಯ್ತಾ? ಇದು ನಮ್ಮನೆ. ಇವ್ನು ನಮ್ ಉಡ್ಗ.

ನವೋಮಿ ನಿಧಾನವಾಗಿ ಇನ್ನೊಂದು ಮಾತು ಕೇಳಿದಳು.

ನಿಂಗಯ್ಯ: ಏಳ್ಲಾ, ಏನಂದ್ಲು?

ಅಶೋಕ: ಆಯಮ್ಮನ ಕಡೆ ಬಣ್ಣ ನೋಡಿ ದೂರ ಇಡ್ತಾರಂತೆ. ನಿಮ್ಮಿಬ್ರದ್ದೂ ಒಂದೇ ಬಣ್ಣ. ಇವ್ರು ಒಳಗೆ, ನೀನು ಒರಗೆ ಅಂತ ಎಂಗೆ ಗೊತ್ತಾಯ್ತದೆ ಅಂತಾಳೆ.

ಚಲುವಮ್ಮ: ಒಂದೇ ಎಲ್ಲಿ ಬಂತು? ಇವ್ರೇ ಒಂದು ಕೈ ಜಾಸ್ತಿ ಕಪ್ಪು.

ನಿಂಗಯ್ಯ: ನೀ ಸುಮ್ಕಿರಮ್ಮಿ! ಗೊತ್ತಾಗ್ದೆ ಏನು? ಇವ್ನು ಮಹದೇವೂನ ಮಗ, ಮಹದೇವು ಚಿಕ್ಕಬೋರನ ಮಗ, ಚಿಕ್ಕಬೋರ ಕುಳ್ಳಯ್ಯನ ಮಗ. ಇಡೀ ಕೇರಿ ನಂಗೆ ಬಾಯಿಪಾಠ. ಏಳು ಆಯಮ್ಮಂಗೆ.

ಅಶೋಕ ಒಂದು ಹೆಸರೂ ಬಿಡದೆ ಹೇಳಿದ. ನವೋಮಿ ಕೇಳಿಸಿಕೊಂಡಳು. ಈ ಸಲ ನಗದೆ ಒಂದು ಮಾತು ಹೇಳಿದಳು.

ಅಶೋಕ: ಅಷ್ಟು ಎಸ್ರು ನೆನಪಲ್ಲಿ ಮಡೀಕಂಡು, ತಲೆಮಾರುಗಟ್ಲೆ ಒಬ್ಬೊಬ್ರನ್ನೂ ಆಚೇಲೇ ನಿಲ್ಸೋದು ಬಾರಿ ಕಷ್ಟದ ಕೆಲ್ಸ. ಸುಸ್ತಾಗಲ್ವಾ ಅಂತಾಳೆ.

ನಿಂಗಯ್ಯನ ಗಮನವೆಲ್ಲ ಆಗ ತನ್ನ ತೋಳಿನ ಮೇಲಿತ್ತು. ಅರ್ಧ ಗಂಟೆ ಆಗಿತ್ತು, ಮೊಣಕೈ ನಡುಗುತ್ತಿತ್ತು. ಸುಸ್ತು ಎಂಬುದೊಂದೇ ಕಿವಿಗೆ ಬಿತ್ತು.

ನಿಂಗಯ್ಯ: ಆಯ್ತದೆ ಕಣಮ್ಮ, ಆಗ್ದೆ ಏನು! ಬುಟ್ಬುಟ್ರೆ ಸಾಕು ಅನ್ನುಸ್ಬುಟ್ಟದೆ.

ಅಶೋಕ ಅವನ ಮುಖ ನೋಡಿದ, ಚಲುವಮ್ಮನ ಮುಖ ನೋಡಿದ. ಮತ್ತೆ ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿಗೆ ತಿರುಗಿಸಿದ. ಫೋನಿನ ತುಂಬ ಕೆಂಪು ಹೃದಯಗಳು ಇರುವೆ ಸಾಲಿನ ಹಾಗೆ ಮೇಲಕ್ಕೇರಿದವು. ಮುಂದಿನ ತಿಂಗಳು ಮತ್ತೆ ಬಾ, ಹೊಸ ಪದ ತಾ ಎಂದು ಹೇಳಿ ನವೋಮಿ ಮರೆಯಾದಳು.

ನಿಂಗಯ್ಯ: ಅಷ್ಟೊಂದು ಹಾರ್ಟು ಯಾಕ್ಲಾ ಬಿದ್ದೊ?

ಅಶೋಕ: ನೀವು ಏಳಿದ್ಕೆ.

ನಿಂಗಯ್ಯ: ನಾನು ಕೈ ನೋವು ಅಂದಿದ್ದಲ್ವಾ?

ಚಲುವಮ್ಮ: ಓಗ್ಲಿ ಬುಡಿ. ಬಾಯಲ್ಲಿ ಬಂದದ್ದು ಬಂತು.

ನಿಂಗಯ್ಯ: ಬಾರ್ಲಾ ಈಗ್ಲಾದ್ರೂ ಒಳೀಕೆ. ನಿನ್ ಸಾಲು ಆಡಾಯ್ತಲ್ಲ.

ಅಶೋಕ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದ. ಎರಡು ಹೆಜ್ಜೆ ಇಟ್ಟು ನಿಂತು ನೆಲವನ್ನೇ ನೋಡಿದ. ಗಂಡ ಹೆಂಡತಿ ಇಬ್ಬರೂ ಅವನನ್ನೇ ನೋಡಿದರು.

ನಿಂಗಯ್ಯ: ಎಂಗದೆ?

ಅಶೋಕ: ಜಾರ್‍ತದೆ ಗೌಡ್ರೆ.

ಅವನು ಜಮಖಾನದ ಮೇಲೆ ಕುಳಿತ. ಚಲುವಮ್ಮ ಸ್ಟೀಲ್ ಲೋಟದಲ್ಲಿ ಕಾಫಿ ತಂದು ಕೈಗೇ ಕೊಟ್ಟಳು.

ನಿಂಗಯ್ಯ: ಮುಂದಿನ ತಿಂಗ್ಳ ಪದಕ್ಕೆ ಇದೇ ಬರ್ಲಿ. ನೆಲವ ಕಂಡೆ ಅಂತ. ನನ್ ಎಸ್ರೂ ಸೇರ್ಸ್ಲಾ.

ಅಶೋಕ: ಸೇರ್ಸನ.

ಕಾಫಿ ಮುಗಿಯಿತು. ಅಶೋಕ ಎದ್ದು, ಲೋಟ ಹಿಡಿದು, ತೊಳೆದಿಡಲು ನಲ್ಲಿಯ ಕಡೆ ಹೊರಟ. ಊರಲ್ಲಿ ಅವರ ಮನೆಯವರು ಎಲ್ಲೇ ಕುಡಿದರೂ ಹಾಗೇ ಮಾಡಬೇಕಾಗಿತ್ತು, ಕಾಲು ತಾನಾಗೇ ಅತ್ತ ನಡೆಯಿತು. ಚಲುವಮ್ಮ ಅಡ್ಡ ಬಂದು ಲೋಟ ಕಸಿದುಕೊಂಡಳು. ತಾನೂ ತೊಳೆಯಲಿಲ್ಲ. ಗಂಡನ ಕೈಗಿಟ್ಟಳು.

ನಿಂಗಯ್ಯ: ನಾನಾ?

ಚಲುವಮ್ಮ: ಎಸ್ರು ಸೇರ್ಬೇಕು ಅಂದೋರು ನೀವಲ್ವಾ?

ನಿಂಗಯ್ಯ ಲೋಟ ನೋಡಿದ, ನಲ್ಲಿ ನೋಡಿದ. ಆಮೇಲೆ ಅವನ ಮುಖ ಇದ್ದಕ್ಕಿದ್ದಂತೆ ಅರಳಿತು.

ನಿಂಗಯ್ಯ: ಲೇ ಅಸೋಕ, ಫೋನ್ ಆನ್ ಅದಾ?

ಅಶೋಕ: ಆಫ್ ಆಯ್ತು ಗೌಡ್ರೆ.

ನಿಂಗಯ್ಯ: ಆನ್ ಮಾಡ್ಲಾ! ನಾನು ಲೋಟ ತೊಳ್ಯೋದ ಆಯಮ್ಮ ನೋಡ್ಬ್ಯಾಡ್ವಾ?

ಅಶೋಕ: ಆಫ್ ಆದಾಗ ತೊಳೀರಿ. ಆಗ ಪದ ಕಟ್ತೀನಿ.

ನಿಂಗಯ್ಯ: ಯಾರೂ ನೋಡ್ದೆ ತೊಳುದ್ರೆ ಏನ್ ಬಂತ್ಲಾ?

ಚಲುವಮ್ಮ: ನಾನು ನೋಡ್ತಾವ್ನಿ. ತಳ ಉಜ್ಜಿ.