ನಮ್ಮತ್ತಿಗೆ ಕೊಂದ ಮಂತ್ರಿ

ನಮ್ಮ ಅತ್ತಿಗೆ ಒಬ್ಬ ಮಂತ್ರಿಯನ್ನು ಕೊಂದವಳು. ನಾನು ಹೇಳುವುದಲ್ಲ, ಪುತ್ತೂರಿನ ಟೆಂಟಿನಲ್ಲಿ ಸಿನಿಮಾ ನೋಡಿದ ಇಡೀ ಊರೇ ಹೇಳಿದ್ದು! ಆಗ ನಾನು ಮದುವೆಯಾಗಿ ನರಿಮೊಗರಿಗೆ ಬಂದು ಎರಡು ವರ್ಷ. ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ಗಂಡ ತೀರಿಹೋದ ಮೇಲೆ ತವರಿಗೆ ಬಂದು ನಮ್ಮನ್ನೆಲ್ಲ ಆಳುತ್ತಿದ್ದವಳು.

ಅವಳಿಗೊಂದು ಹುಚ್ಚು. ಮನೆಯ ಮುಂದಿನ ರಸ್ತೆಯಲ್ಲಿ ಯಾರು ಹೋದರೂ ತಡೆದು ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ ಕೊಡಬೇಕು. ಬಾಯಾರಿದವರಿಗೆ ನಮ್ಮ ಕಡೆ ಎಲ್ಲರೂ ಕೊಡುತ್ತಾರೆ. ಬಾಯಾರದವರಿಗೂ ಕೊಡುವುದು ಇವಳೊಬ್ಬಳೇ! ಒಮ್ಮೆ ಬಸ್ಸಿನ ಡ್ರೈವರ್ ಬೇಡವೆಂದ. ಅವನು ಕುಡಿಯುವ ತನಕ ಬಸ್ಸಿನ ಎದುರು ಹೋಗಿ ನಿಂತಳು. ಕೊನೆಗೆ ಒಳಗಿದ್ದವರೇ "ಕುಡಿ ಮಾರಾಯ, ನಮಗೆ ಕೋರ್ಟಿಗೆ ಹೊತ್ತಾಯಿತು" ಎಂದು ಅವನನ್ನು ಬೈದರಂತೆ.

ಇಂಥವಳ ರಸ್ತೆಗೆ ಸಿನಿಮಾದವರು ಬಂದರೆ ಏನಾಗಬೇಕು? ಮಂತ್ರಿಯ ಕಾರು ಬರುವುದು, ಊರವರೆಲ್ಲ ಕಪ್ಪು ಬಾವುಟ ಹಿಡಿದು ಧಿಕ್ಕಾರ ಕೂಗುವುದು, ಅಷ್ಟೇ ಕೆಲಸ. ನಾನೂ ಒಂದು ಬಾವುಟ ಹಿಡಿದೆ. ಕಾರು ಬಂತು. ಸುಡುಬಿಸಿಲು, ಮಂತ್ರಿ ವೇಷದವನು ಇಳಿದು ಮುಖ ಒರೆಸಿಕೊಂಡ. ಅಷ್ಟು ಸಾಕಾಯಿತು. ಅತ್ತಿಗೆ ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಚೆಂಬು, ಬೆಲ್ಲ ಹಿಡಿದು ನೇರ ಅವನ ಎದುರಿಗೆ! ಆ ಪಾಪದವನು ಕುಡಿದೇಬಿಟ್ಟ. ಸಿನಿಮಾದವರು ಕ್ಯಾಮರಾ ನಿಲ್ಲಿಸಲಿಲ್ಲ. ಯಾಕೆಂದು ಗೊತ್ತಾದದ್ದು ಮುಂದಿನ ವರ್ಷ, ಟೆಂಟಿನ ಬೆಂಚಿನಲ್ಲಿ ಕುಳಿತ ಮೇಲೆ.

ಪರದೆಯಲ್ಲಿ ಮಂತ್ರಿ ನೀರು ಕುಡಿದ. ಬೆಲ್ಲ ಕಚ್ಚಿದ. ಮರುಗಳಿಗೆಯಲ್ಲಿ ಗಂಟಲು ಹಿಡಿದುಕೊಂಡು ಬಿದ್ದು ಸತ್ತ. ನೀರಿನಲ್ಲಿ ವಿಷವಂತೆ! ಅವನ ಕುರ್ಚಿಗೆ ಆಸೆಪಟ್ಟ ಇನ್ನೊಬ್ಬ ಮಾಡಿಸಿದ್ದಂತೆ! ಬಿದ್ದದ್ದನ್ನು ಬೇರೆಲ್ಲೋ ತೆಗೆದು ಇಲ್ಲಿಗೆ ಅಂಟಿಸಿದ್ದರು. ಅತ್ತಿಗೆ ಎದ್ದು ನಿಂತಳು.

"ಅವ ಇನ್ನೊಂದು ಚೆಂಬು ಕೇಳಿ ಕುಡಿದು ಹೋಗಿದ್ದಾನೆ. ಅದನ್ನು ಎಂತಕ್ಕೆ ತೋರಿಸುದಿಲ್ಲ?"

ಕೂತುಕೊಳ್ಳಿ ಎಂದು ಹಿಂದಿನವರು ಕೂಗಿದರು. ಅವಳು ಕೂರಲಿಲ್ಲ. ಉಳಿದ ಸಿನಿಮಾದ ಅರ್ಧ ಅವಳ ಬೆನ್ನಿನ ಮೇಲೆಯೇ ನಡೆಯಿತು.

ಊರಿನವರು ತಮಾಷೆಗೆಂದೇ ಶುರುಮಾಡಿದರು. ನಮ್ಮ ಮನೆ ಬಂದಾಗ ನಡಿಗೆ ಚುರುಕು ಮಾಡಿದರು. ಬರಬರುತ್ತಾ ನಿಜವಾಗಿಯೇ ಅವಳ ಕೈಯ ನೀರನ್ನು ಯಾರೂ ಮುಟ್ಟಲಿಲ್ಲ. ಸಿನಿಮಾ ಸುಳ್ಳೆಂದು ಎಲ್ಲರಿಗೂ ಗೊತ್ತು, ಆದರೆ ಗಂಟಲು ಕೇಳಬೇಕಲ್ಲ! ಕಡಬದ ಒಂದು ಮದುವೆಯಲ್ಲಿ ಹಟ ಹಿಡಿದು ಪಂಕ್ತಿಗೆ ನೀರು ಬಡಿಸಿದಳು. ಅಷ್ಟು ಖಾರದ ಊಟವನ್ನು ಒಂದು ಹನಿ ನೀರಿಲ್ಲದೆ ಉಂಡು ಎದ್ದ ಪಂಕ್ತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಮರುದಿನ ಅವಳು ಚೆಂಬನ್ನು ಇನ್ನಷ್ಟು ಬೆಳಗಿ ಮತ್ತೆ ರಸ್ತೆಗೆ ಹೋಗಿ ನಿಂತಳು.

ನಾನಾಗ ಬಸುರಿ. ಒಂದು ಮಧ್ಯಾಹ್ನ ನನಗೂ ಚೆಂಬು ಚಾಚಿದಳು. ಅವಳು ಆಚೆ ತಿರುಗಿದಾಗ ಬಸಳೆಯ ಬುಡಕ್ಕೆ ಚೆಲ್ಲಿದೆ. ಹೌದು, ನಾನೇ. ಮಾರನೆಯ ಬೆಳಿಗ್ಗೆ ನನ್ನನ್ನು ಬಸಳೆ ಚಪ್ಪರದ ಹತ್ತಿರ ಕರೆದಳು.

"ನೋಡು ಮಾರಾಯ್ತಿ, ಬಸಳೆ ಸಾಯಲಿಲ್ಲ."

ಅಷ್ಟೇ. ಮತ್ತೆ ಆ ಮಾತೆತ್ತಲಿಲ್ಲ. ಸಾಯುವ ತನಕ ರಸ್ತೆಗೆ ಚೆಂಬು ಒಯ್ಯುವುದನ್ನು ಬಿಡಲೂ ಇಲ್ಲ.

ಈಗ ಆ ಸಿನಿಮಾ ಮೊಮ್ಮಗಳ ಮೊಬೈಲಿನಲ್ಲಿ ಸಿಗುತ್ತದೆ. ಕೊಲೆ ಮಾಡಿಸಿದವನು ಯಾರೆಂದು ಅವಳಿಗೆ ಚಿಂತೆ. ನನಗೆ ಅದು ಬೇಡ. ನನಗೆ ಬೇಕಾದದ್ದು ಡಾಮರಿಲ್ಲದ ಆ ರಸ್ತೆ, ಮೂತಿ ಮುಂದೆ ಚಾಚಿದ ಬಸ್ಸು, ಗೋಲಿ ಸೋಡಾದ ಅಂಗಡಿ, ಈಗಿಲ್ಲದ ಮಾವಿನ ಮರ, ಬಾವುಟದಲ್ಲೇ ಬೆವರು ಒರೆಸಿಕೊಳ್ಳುತ್ತಿರುವ ನಾನು. ಕುರ್ಚಿಯ ಜಗಳ ಹಳತಾಯಿತು. ಅದರ ಹಿಂದೆ ನಿಂತ ನಮ್ಮೂರು ಮಾತ್ರ ನಿಂತ ಹಾಗೆಯೇ ಇದೆ. ಆಮೇಲೆ ಅತ್ತಿಗೆ ಬರುತ್ತಾಳೆ. ತುಟಿ ಆಡುತ್ತದೆ, ಮಾತು ಕೇಳಿಸದು. ಮೇಲೆ ಬರೀ ಹೆದರಿಸುವ ವಾದ್ಯ. ಅವರು ಏನು ಹೇಳುತ್ತಿದ್ದಾರೆ ಅಜ್ಜಿ ಎಂದು ಮೊಮ್ಮಗಳು ನನ್ನನ್ನು ಕೇಳುತ್ತಾಳೆ. ಅಲ್ಲೇ ಇದ್ದವಳು ನಾನು, ಗೊತ್ತಿಲ್ಲವೇ?

"ನಿಧಾನ ಕುಡಿ ಮಗಾ, ನೆತ್ತಿಗೆ ಹತ್ತೀತು."

ಮಂತ್ರಿ ಚೆಂಬು ಎತ್ತುತ್ತಾನೆ. ನಾನೂ ನನ್ನ ಲೋಟ ಎತ್ತಿ ಪೂರ್ತಿ ಕುಡಿಯುತ್ತೇನೆ. ಅಲ್ಲಿಗೆ ನಿಲ್ಲಿಸು ಎನ್ನುತ್ತೇನೆ. ಮುಂದಿನದ್ದನ್ನು ಬೇಕಾದವರು ನೋಡಿಕೊಳ್ಳಲಿ. ನಮ್ಮ ಮನೆಯಲ್ಲಿ ಆ ಮಂತ್ರಿ ಇವತ್ತಿನವರೆಗೂ ಸತ್ತಿಲ್ಲ.