ಉಷಾ ಆಂಟಿಯ ಕೆಂಪು ಕಾರಿಗೆ ನಾನು ಸುರಿದ ಎಣ್ಣೆ

"ಪವರ್ ಸ್ಟೀರಿಂಗ್ ಎಣ್ಣೆ ಬದಲಾಯಿಸೋಕೆ ಮೆಕ್ಯಾನಿಕ್ ಯಾಕೆ ಆಂಟಿ? ನಾನಿಲ್ವಾ!" ಎಂದು ನಾನು ಎದೆ ತಟ್ಟಿಕೊಂಡಾಗ ನನ್ನ ಹೆಂಡತಿ ಊರ್ಮಿಳಾ ಕಣ್ಣು ಮುಚ್ಚಿಕೊಂಡಳು. ನನ್ನ ಪರಾಕ್ರಮಗಳ ಪರಿಚಯ ಅವಳಿಗಿದೆ.

ಅಮೆರಿಕದಲ್ಲಿ ನಮ್ಮೂರು ಫೇರ್‌ಫ್ಯಾಕ್ಸಿನ ಡಾಕ್ಟರ್ ಕೃಷ್ಣಪ್ರಸಾದ ಅಂಕಲ್ ಕೋವಿಡ್‌ನಲ್ಲಿ ತೀರಿಕೊಂಡಿದ್ದರು. ಅಂತ್ಯಕ್ರಿಯೆಯನ್ನು ನಾವೆಲ್ಲ ಝೂಮ್‌ನಲ್ಲಿ ನೋಡಿ ಅತ್ತಿದ್ದೆವು. ಅವರ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಗ್ಯಾರೇಜಿನಲ್ಲಿ ಧೂಳು ತಿನ್ನುತ್ತಿತ್ತು. ಅಸ್ಥಿಯನ್ನು ಅದೇ ಕಾರಿನಲ್ಲಿ ಪೊಟೊಮ್ಯಾಕ್ ನದಿಗೆ ಒಯ್ಯಬೇಕೆಂಬುದು ಅವರ ಹೆಂಡತಿ ಉಷಾ ಆಂಟಿಯ ಆಸೆ. ಆದರೆ ಸ್ಟೀರಿಂಗ್ ತಿರುಗಿಸಿದರೆ ಸಾಕು, ಕಾರು ಗೊಳೋ ಎಂದು ನರಳುತ್ತಿತ್ತು.

ಅಂಗಡಿಯಲ್ಲಿ ಗೋಡೆ ತುಂಬ ಬಾಟಲಿಗಳು! ಕೆಂಪು, ಹಸಿರು, ಜೇನಿನ ಬಣ್ಣ!

"ಯಾವುದು ಹಾಕ್ಬೇಕು ಅಂತ ಮ್ಯಾನ್ಯುಯಲ್ ನೋಡಿದ್ರಾ?" ಎಂದಳು ಊರ್ಮಿಳಾ.

"ಇಲ್ಲೇ ಬರೆದಿದೆಯಲ್ಲೇ, ಎಲ್ಲಾ ಕಾರಿಗೂ ಆಗುತ್ತೆ ಅಂತ!"

"ಎಲ್ಲರಿಗೂ ಆಗುತ್ತೆ ಅಂತ ಬರೆದಿರೋ ಶರ್ಟು ನಿಮಗೆ ಯಾವತ್ತಾದ್ರೂ ಆಗಿದ್ಯಾ?"

ಅವಮಾನ ನುಂಗಿಕೊಂಡು ಬಾಟಲಿ ಕೊಂಡೆ. ಶನಿವಾರ ಆಂಟಿಯ ಗ್ಯಾರೇಜಿನಲ್ಲಿ, ಅವರು ಬಾಗಿಲಲ್ಲಿ ನಿಂತು ನೋಡುತ್ತಿರುವಾಗ, ರಾಜವೈದ್ಯನ ಗಾಂಭೀರ್ಯದಿಂದ ಕಪ್ಪು ಎಣ್ಣೆಯನ್ನು ಹೀರಿ ತೆಗೆದು ಹೊಸದನ್ನು ಸುರಿದೆ. ನರಳಾಟ ನಿಂತಿತು! ನಾನು ಬೀಗಿದೆ.

ಭಾನುವಾರ ಬೆಳಿಗ್ಗೆಯೇ ಮೋಡ. ಆಂಟಿ ಅಸ್ಥಿಯ ಕುಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಪಕ್ಕ ಕುಳಿತರು. ಊರ್ಮಿಳಾ ನಮ್ಮ ಮಿನಿವ್ಯಾನಿನಲ್ಲಿ ಹಿಂದೆ ಬಂದಳು. ಇನ್ನೇನು ನದಿ ಬಂತು ಎನ್ನುವಾಗ ಬಾನೆಟ್‌ನಿಂದ ಹೊಗೆ! ಎಣ್ಣೆ ನೊರೆಯಾಗಿ ಉಕ್ಕಿ ಬಿಸಿ ಎಂಜಿನ್ನಿನ ಮೇಲೆ ಚೆಲ್ಲಿತ್ತು. ಪವರ್ ಸ್ಟೀರಿಂಗ್‌ನಲ್ಲಿ ಪವರ್ ಹೋಗಿ ಬರೀ ಸ್ಟೀರಿಂಗ್ ಉಳಿಯಿತು!

"ಆಂಟಿ, ತಿರುಗ್ತಿಲ್ಲ!"

"ಬ್ರೇಕ್ ಹಾಕೋ!"

"ಹಿಂದೆ ಊರ್ಮಿಳಾ ಇದಾಳೆ, ಗುದ್ದಿಬಿಡ್ತಾಳೆ!"

ಆಂಟಿ ಗಂಡನನ್ನು ಮೊಣಕಾಲುಗಳ ನಡುವೆ ಭದ್ರವಾಗಿ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದು ನನ್ನ ಜೊತೆ ಎಳೆದರು. ಕಾರು ಯಾವುದೋ ಚರ್ಚಿನ ಪಾರ್ಕಿಂಗ್ ಲಾಟ್‌ಗೆ ನುಗ್ಗಿ, ಪೊದೆಯೊಳಗೆ ಮೂಗು ತೂರಿಸಿ ನಿಂತಿತು.

ಊರ್ಮಿಳಾ ಬಂದು ನೋಡಿದಳು. ನೇರವಾಗಿ ಹೋಗಿ ಮಿನಿವ್ಯಾನಿನ ಬಾಗಿಲು ತೆರೆದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕೊನೆಗೆ ಅಂಕಲ್ ಹೊರಟಿದ್ದು ನಮ್ಮ ಮಿನಿವ್ಯಾನಿನಲ್ಲಿ, ಚಿಪ್ಸ್ ಪುಡಿ ಉದುರಿದ್ದ ಸೀಟಿನ ಮೇಲೆ. ಆಂಟಿ ಬೂದಿಯನ್ನು ನೀರಿಗೆ ಬಿಟ್ಟರು. ನನಗೆ ತಲೆ ಎತ್ತಲಾಗಲಿಲ್ಲ.

"ಸಾರಿ ಆಂಟಿ. ಎಣ್ಣೆ ತಪ್ಪಾಗಿಹೋಯ್ತು."

"ಗೊತ್ತಿತ್ತು ಕಣೋ. ನಿಮ್ಮ ಅಂಕಲ್ಲೂ ಅದೇ ಬಾಟಲಿ ತಂದು ಎರಡು ಸಲ ಕೆಡಿಸಿದ್ರು. ನೀನು ಹಾಕಿದ್ಮೇಲೆ ಕಾರು ಗ್ಯಾರೇಜೇ ದಾಟಲ್ಲ ಅಂದ್ಕೊಂಡಿದ್ದೆ."

"ಮತ್ತೆ ನಿನ್ನೆ ಯಾಕೆ ಹೇಳ್ಲಿಲ್ಲ ಆಂಟಿ!"

ಆಂಟಿ ನೀರಿನಿಂದ ಕಣ್ಣು ತೆಗೆಯಲಿಲ್ಲ.

"ಏನೂ ಗೊತ್ತಿಲ್ದೆ, ಎಲ್ಲಾ ಗೊತ್ತಿರೋನ ಹಾಗೆ ಬಗ್ಗಿಕೊಂಡು ಸುರೀತಿದ್ದೆ ನೋಡು, ಥೇಟ್ ಅವರೇ. ಇನ್ನೊಂದು ಸ್ವಲ್ಪ ಹೊತ್ತು ನೋಡೋಣ ಅನ್ನಿಸ್ತು."