ಎಲ್ಪಿದಿಯೋ ಮೇಷ್ಟರ ಕಣ್ಣೀರು

ಶಾಲೆಯ ಗೇಟಿನ ಮುಂದೆ ಜೀಪ್ನಿ ವ್ಯಾನಿನಿಂದ ಇಳಿದದ್ದೇ ತಡ, ಕಬ್ಬಿನ ಲಾರಿಯೊಂದು ಎಬ್ಬಿಸಿದ ಧೂಳಿನ ಒಂದು ಕಣ, ಬೀದಿಯಲ್ಲಿದ್ದವರನ್ನೆಲ್ಲ ಬಿಟ್ಟು, ಎಲ್ಪಿದಿಯೋ ಮೇಷ್ಟರ ಬಲಗಣ್ಣನ್ನೇ ಹುಡುಕಿಕೊಂಡು ಬಂತು. ಬರಿಗಣ್ಣಾಗಿದ್ದರೆ ಉಜ್ಜಿಕೊಂಡು ಮುಂದೆ ಹೋಗಬಹುದಿತ್ತು. ಆದರೆ ಅಲ್ಲಿ ಮೊನ್ನೆಯಷ್ಟೇ ಹಾಕಿಸಿಕೊಂಡ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಕೂತಿತ್ತು. ಅದರಡಿಗೆ ಧೂಳು ಹೊಕ್ಕರೆ ಕಣ್ಣೊಳಗೆ ಯಾರೋ ತೆಂಗಿನಕಾಯಿ ತುರಿದ ಹಾಗೆ.

ಅಂದು ಹೆಡ್‌ಮಿಸ್ಟ್ರೆಸ್ ಸಾಲ್ವಾಸಿಯೋನ್ ತುಮುಲಾಕ್ ಅವರ ನಿವೃತ್ತಿ ಸಮಾರಂಭ. ಹನ್ನೊಂದು ವರ್ಷ ಆಕೆಯ ಕೈಕೆಳಗೆ ಬೆಂದ ಹದಿನೆಂಟು ಮಂದಿ ಶಿಕ್ಷಕರಿಗೆ ಅದು ಕ್ರಿಸ್‌ಮಸ್ಸಿಗಿಂತ ದೊಡ್ಡ ಹಬ್ಬ. ಒಂದು ನಿಮಿಷ ತಡವಾದರೂ ಮೇಷ್ಟರುಗಳನ್ನು ಮಕ್ಕಳೆದುರೇ ಧ್ವಜದ ಕಂಬದಡಿ ನಿಲ್ಲಿಸುತ್ತಿದ್ದ ಮಹಾತಾಯಿ. ಎಲ್ಪಿದಿಯೋನನ್ನಂತೂ ‘ಸೋಡಾಬುಡ್ಡಿ’ ಎಂದೇ ಕರೆಯುತ್ತಿದ್ದಳು. ಕೊನೆಯ ದಿನವಾದರೂ ಕನ್ನಡಕವಿಲ್ಲದ ಮುಖ ತೋರಿಸಿಬಿಡೋಣವೆಂದೇ ಅವನು ಲೆನ್ಸ್ ಹಾಕಿಸಿಕೊಂಡದ್ದು. ಚೀಟಿ ಎತ್ತಿದಾಗ ಬೀಳ್ಕೊಡುಗೆಯ ಭಾಷಣವೂ ಅವನ ತಲೆಗೇ ಬಿದ್ದಿತ್ತು.

ಒಂದು ಕಣ್ಣು ಮುಚ್ಚಿಕೊಂಡು ಶಾಲೆಯ ಅಡುಗೆಮನೆಗೆ ಓಡಿದ. ಅಲ್ಲಿ ಅಡುಗೆ ಕಲಿಸುವ ಟೀಚರ್ ಲುದಿಂಗ್, ಎಲ್ಲರಿಗೂ ‘ಮನಾಂಗ್’, ಅಂದರೆ ಅಕ್ಕ, ಸುಟ್ಟ ಹಂದಿಯ ಪಕ್ಕ ನಿಂತು ಮೆಣಸಿನಕಾಯಿ ನೆನೆಸಿದ ವಿನೆಗರ್ ಚಪ್ಪರಿಸುತ್ತಿದ್ದಳು.

“ಅಯ್ಯೋ ಮಾತೆ ಮರಿಯಾ! ಏನೋ ಇದು, ಕಣ್ಣೋ ಟೊಮೇಟೊವೋ?”

“ಲೆನ್ಸಿಗೆ ಧೂಳು ಹೋಗಿದೆ ಮನಾಂಗ್. ತೊಳೆಯೋ ಔಷಧಿ ಮನೇಲೇ ಬಿಟ್ಟು ಬಂದೆ.”

ರೆಪ್ಪೆಯನ್ನು ಪಕ್ಕಕ್ಕೆಳೆದು ಮಿಟುಕಿಸಿದ. ಲೆನ್ಸ್ ಅಂಗೈಗೆ ಉದುರಿತು.

“ಇಷ್ಟಕ್ಕೇನಾ ಇಷ್ಟು ರಂಪ? ಕೊಡಿಲ್ಲಿ!” ಮನಾಂಗ್ ಅದನ್ನು ಕಿತ್ತುಕೊಂಡವಳೇ ನಾಲಿಗೆಯ ಮೇಲಿಟ್ಟು, ಎರಡು ಸಲ ಹೊರಳಿಸಿ, ವಾಪಸ್ ಕೊಟ್ಟಳು. “ತಗೋ, ಫಳಫಳ ಹೊಳೀತಿದೆ.”

ಎಲ್ಪಿದಿಯೋ ಕಲ್ಲಾಗಿ ನಿಂತ. ‘ಏನು ಬೇಕಾದ್ರೂ ಮಾಡಪ್ಪಾ, ಎಂಜಲು ಮಾತ್ರ ಸೋಕಿಸಬೇಡ’ ಎಂದಿದ್ದರು ಕಣ್ಣಿನ ಡಾಕ್ಟರು. ಅಷ್ಟರಲ್ಲಿ ಮೈಕು ಅವನ ಹೆಸರು ಕೂಗಿತು. ಲೆನ್ಸ್ ಇಲ್ಲದೆ ಭಾಷಣದ ಅಕ್ಷರಗಳೆಲ್ಲ ಇರುವೆ ಸಾಲು. ನಲ್ಲಿ ನೀರಲ್ಲಿ ಒಮ್ಮೆ ಅದ್ದಿ, ದೇವರ ಮೇಲೆ ಭಾರ ಹಾಕಿ, ಕಣ್ಣಿಗೇರಿಸಿದ.

ಅವನು ವೇದಿಕೆ ಹತ್ತುವುದಕ್ಕೂ ಕಣ್ಣಿನಲ್ಲಿ ಮೆಣಸಿನಕಾಯಿ ಹತ್ತಿಕೊಳ್ಳುವುದಕ್ಕೂ ಸರಿಹೋಯಿತು.

“ಮಾನ್ಯ ಮೇಡಂ, ನೀವು ನಮ್ಮನ್ನು ಬಿಟ್ಟು...” ಅಷ್ಟೇ. ಬಲಗಣ್ಣು ಕೋಡಿ ಹರಿಯಿತು, ಎಡಗಣ್ಣು ಅದಕ್ಕೆ ಜೊತೆಯಾಯಿತು, ಮೂಗು ಹಿಂದೆ ಬೀಳಲಿಲ್ಲ. ಮೈಕು ಹಿಡಿದು ಬಿಕ್ಕಿದ. ಸಭೆ ಬೆಚ್ಚಿಬಿತ್ತು.

“ಇವನಿಗೇನು ಹುಚ್ಚಾ?” ಎಂದರು ಡ್ರಿಲ್ ಮೇಷ್ಟರು.

ಎಲ್ಲರಿಗಿಂತ ಹೆಚ್ಚು ಬೆಚ್ಚಿದವಳು ತುಮುಲಾಕ್ ಮೇಡಂ. ಎದ್ದು ಬಂದು ಅವನನ್ನು ಬರಸೆಳೆದು ಅಪ್ಪಿಕೊಂಡಳು. ಆ ಅಪ್ಪುಗೆಯಲ್ಲಿ ಲೆನ್ಸ್ ಜಾರಿ ಆಕೆಯ ಉಡುಪಿನ ಉಬ್ಬುತೋಳಿನ ಮಡಿಕೆಯೊಳಗೆ ಸೇರಿಹೋಯಿತು. ಉರಿ ಇಳಿಯಿತು, ಕಣ್ಣೀರು ನಿಂತಿತು.

ಮೇಡಂ ಮೈಕಿಗೆ ಬಾಗಿದಳು. “ಇನ್ನೆರಡು ವರ್ಷ ಇರಿ ಅಂತ ಮೇಲಿನವರು ಕಾಗದ ಬರೆದಿದ್ರು. ಇಲ್ಲಿ ನಾನು ಯಾರಿಗೆ ಬೇಕಾಗಿದೀನಿ ಅಂತ ಬೇಡ ಅಂದ್ಕೊಂಡಿದ್ದೆ. ಈ ಹುಡುಗ ನನ್ನ ಕಣ್ಣು ತೆರೆಸಿದ. ನಾನು ಎಲ್ಲಿಗೂ ಹೋಗಲ್ಲ!”

ಮೊದಲು ಮನಾಂಗ್ ಲುದಿಂಗ್ ‘ಹೋ’ ಎಂದು ಅತ್ತಳು. ಆಮೇಲೆ ಡ್ರಿಲ್ ಮೇಷ್ಟರು. ನೋಡನೋಡುತ್ತ ಹದಿನೇಳು ಮಂದಿಯೂ ಎದೆ ಬಡಿದುಕೊಂಡು ಅಳತೊಡಗಿದರು.

“ಅಯ್ಯೋ ನನ್ನ ಮಕ್ಕಳಾ, ನಾನು ಉಳೀತೀನಿ ಅಂದ್ರೆ ಇಷ್ಟೊಂದು ಆನಂದಾನಾ!” ಎಂದು ಮೇಡಂ ಕರಗಿ ನೀರಾದಳು. ಹಾಗೆಯೇ ತಿರುಗಿ, ಬಾಯಿ ತೆರೆದು ನಿಂತಿದ್ದ ಎಲ್ಪಿದಿಯೋನನ್ನು ನೋಡಿದಳು. ಅವನ ಕಣ್ಣು ಬೇಸಗೆಯ ಬಾವಿಯ ಹಾಗೆ ಒಣಗಿತ್ತು.

ಆಕೆಯ ಹುಬ್ಬು ನಿಧಾನವಾಗಿ ಮೇಲೇರಿತು.

“ಹೋಗ್ತೀನಿ ಅಂದಾಗ ಅಷ್ಟು ಅತ್ತೆ. ಇರ್ತೀನಿ ಅಂದಕೂಡ್ಲೇ ಒಂದು ಹನೀನೂ ಇಲ್ವಲ್ಲೋ ಸೋಡಾಬುಡ್ಡಿ! ಅಂದ್ರೆ... ಆಗ ಅತ್ತದ್ದು ಆನಂದಕ್ಕಾ?”